ಗಾಳಿ ಉತ್ತರದ್ದು, ಅಲೆ ದಕ್ಷಿಣದ್ದು: ಗ್ಯಾಲ್ವೆಸ್ಟನ್ ಮತ್ತು ಸೆಪ್ಟೆಂಬರ್ ಚಂಡಮಾರುತಗಳು

1900ರ ಸೆಪ್ಟೆಂಬರ್ 8ರ ಬೆಳಿಗ್ಗೆ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ದ್ವೀಪದಲ್ಲಿ ಗಾಳಿ ಉತ್ತರದಿಂದ, ಅಂದರೆ ನೆಲದ ಕಡೆಯಿಂದ ಬೀಸುತ್ತಿತ್ತು. ಅಂಥ ಗಾಳಿಗೆ ಕಡಲು ಹಿಂದೆ ಸರಿಯಬೇಕು. ಆದರೆ ದಕ್ಷಿಣದಿಂದ ಉದ್ದುದ್ದ ಅಲೆಗಳು ಗಾಳಿಗೆ ಎದುರಾಗಿ ಬಂದು ತಗ್ಗಿನ ಬೀದಿಗಳಿಗೆ ನುಗ್ಗುತ್ತಿದ್ದವು. ಅಲ್ಲಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್ ಅದನ್ನು ಕಂಡು ಗಾಬರಿಯಾದರು. ಮರುದಿನ ಬೆಳಗಾಗುವಷ್ಟರಲ್ಲಿ ಸುಮಾರು 38,000 ಜನರ ಆ ಊರಿನಲ್ಲಿ ಕನಿಷ್ಠ 6,000 ಮಂದಿ ಸತ್ತಿದ್ದರು. ಕ್ಲೈನ್ ಅವರ ತುಂಬು ಬಸುರಿ ಹೆಂಡತಿಯೂ ಅವರಲ್ಲಿ ಒಬ್ಬರು.

ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದು ತುತ್ತತುದಿಗೆ ಏರುವುದು ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ. ಬಿಸಿಲು ಹೆಚ್ಚಿರುವುದು ಜೂನ್‌ನಲ್ಲಾದರೂ ಕಡಲು ಪೂರ್ತಿ ಕಾಯಲು ಇನ್ನೆರಡು ತಿಂಗಳು ಬೇಕು. ಬಚ್ಚಲ ಹಂಡೆಯ ನೀರು ಉರಿ ಹಾಕಿದೊಡನೆ ಬಿಸಿಯಾಗುವುದಿಲ್ಲ, ಉರಿ ತಗ್ಗಿದೊಡನೆ ಆರುವುದೂ ಇಲ್ಲವಲ್ಲ, ಹಾಗೆ. ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ ನೀರು ಬೇಕು. ಆಗಸ್ಟ್ ಕೊನೆಗೆ ಮೆಕ್ಸಿಕೋ ಕೊಲ್ಲಿ 29–30 ಡಿಗ್ರಿ ಮುಟ್ಟಿರುತ್ತದೆ. ಚಂಡಮಾರುತದ ಬೀಜ ಬರುವುದು ಹೆಚ್ಚಾಗಿ ಆಫ್ರಿಕಾದಿಂದ. ಮೂರ್ನಾಲ್ಕು ದಿನಕ್ಕೊಂದರಂತೆ ಗಾಳಿಯ ಅಲೆಗಳು ಅಲ್ಲಿಂದ ಪಶ್ಚಿಮಕ್ಕೆ ಹೊರಡುತ್ತವೆ. ಅಲ್ಲಿನ ಬೇಸಿಗೆಯ ಮೊದಲ ಭಾಗದಲ್ಲಿ, ಅಂದರೆ ಜೂನ್–ಜುಲೈನಲ್ಲಿ, ಸಹಾರಾದ ಒಣಗಾಳಿ, ಧೂಳು ಅವನ್ನು ಬತ್ತಿಸುತ್ತವೆ. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ತಾಳವಿಲ್ಲದಿದ್ದರೆ ಮೋಡದ ರಾಶಿ ಹರಿದುಹೋಗುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಈ ಎರಡು ಅಡ್ಡಿಗಳೂ ಸಡಿಲವಾಗುತ್ತವೆ.

ಆಕಾಶವನ್ನೂ ಕಡಲನ್ನೂ ಓದಬಲ್ಲವರು ಆಗಲೇ ಕ್ಯೂಬಾದ ಹವಾನಾದಲ್ಲಿದ್ದರು. ಬೆಲೆನ್ ವೀಕ್ಷಣಾಲಯದ ಪಾದ್ರಿ ಬೆನಿಟೊ ವಿನ್ಯೆಸ್ 1870ರಿಂದ 1893ರಲ್ಲಿ ತೀರಿಕೊಳ್ಳುವವರೆಗೂ ಮೋಡದ ಎಳೆಗಳ ದಿಕ್ಕು, ವಾಯುಭಾರ, ಅಲೆಗಳನ್ನು ಗಮನಿಸಿ, 1875ರ ಸೆಪ್ಟೆಂಬರ್‌ನಲ್ಲೇ ಚಂಡಮಾರುತದ ಮುನ್ಸೂಚನೆ ಪ್ರಕಟಿಸಿದ್ದರು. ಆದರೆ 1900ರಲ್ಲಿ ಕ್ಯೂಬಾ ಅಮೆರಿಕದ ಆಡಳಿತದಲ್ಲಿತ್ತು. ಆ ಆಗಸ್ಟ್‌ನಲ್ಲಿ ಅಮೆರಿಕದ ಹವಾಮಾನ ಇಲಾಖೆ ಕ್ಯೂಬನ್ನರು ಕಳಿಸುವ ಹವಾಮಾನದ ತಂತಿ ಸಂದೇಶಗಳಿಗೆ ತಡೆ ಹಾಕಿಸಿತು. ಬಿರುಗಾಳಿ ಕೊಲ್ಲಿಗೆ ಇಳಿಯುತ್ತದೆ ಎಂದರು ಹವಾನಾದವರು. ಫ್ಲಾರಿಡಾ ಕಡೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ ಎಂದಿತು ವಾಷಿಂಗ್ಟನ್. ಗಾಳಿಯನ್ನು ಯಾರೂ ತಡೆಯಲಾಗುತ್ತಿರಲಿಲ್ಲ, ಆ ತಂತಿಗಳನ್ನು ತಡೆಯದೆ ಇರಬಹುದಿತ್ತು. ನನಗೆ ಇವತ್ತಿಗೂ ಸಂಕಟವಾಗುವುದು ಇದಕ್ಕೇ.

ಗ್ಯಾಲ್ವೆಸ್ಟನ್‌ನ ಅತಿ ಎತ್ತರದ ಜಾಗವೂ ಕಡಲಮಟ್ಟದಿಂದ 9 ಅಡಿ ಇರಲಿಲ್ಲ. ನೀರು 15 ಅಡಿ ಏರಿತು. ಸೇಂಟ್ ಮೇರೀಸ್ ಅನಾಥಾಲಯದ ಸನ್ಯಾಸಿನಿಯರು ಬಟ್ಟೆ ಒಣಹಾಕುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಹತ್ತು ಸನ್ಯಾಸಿನಿಯರೂ 90 ಮಕ್ಕಳೂ ಹೋದರು. ಮೂವರು ಹುಡುಗರು ಮಾತ್ರ ಉಳಿದರು.

ಉಳಿದ ಜನ ಊರು ಬಿಡಲಿಲ್ಲ. 1904ರ ಹೊತ್ತಿಗೆ 17 ಅಡಿ ಎತ್ತರದ ಕಡಲಗೋಡೆಯ ಮೊದಲ ಭಾಗ ಎದ್ದಿತು. ಆಮೇಲೆ 2,000ಕ್ಕೂ ಹೆಚ್ಚು ಕಟ್ಟಡಗಳನ್ನು ಕೈಯಿಂದ ತಿರುಗಿಸುವ ಜಾಕಿಗಳ ಮೇಲೆ ಎತ್ತಿ, ಅಡಿಗೆ ಮರಳು ತುಂಬಿದರು. ಮನೆಯಿಂದ ಮನೆಗೆ ಹೋಗಲು ವರ್ಷಗಟ್ಟಲೆ ಹಲಗೆಯ ಕಾಲುದಾರಿ. 1915ರ ಚಂಡಮಾರುತ ಬಂದಾಗ ಗೋಡೆಯ ಹಿಂದಿನ ಊರು ಬಹುಮಟ್ಟಿಗೆ ಉಳಿಯಿತು.

2008ರ ಸೆಪ್ಟೆಂಬರ್‌ನಲ್ಲಿ ಬಂದ ಐಕ್ ಚಂಡಮಾರುತದಲ್ಲಿ ನೀರು ಗೋಡೆಯಿಲ್ಲದ ಹಿತ್ತಲಿನಿಂದ, ದ್ವೀಪಕ್ಕೂ ನೆಲಕ್ಕೂ ನಡುವಿನ ಒಳಖಾರಿಯ ಕಡೆಯಿಂದ ಊರು ಹೊಕ್ಕಿತು. 2017ರ ಆಗಸ್ಟ್ ಕೊನೆಯಲ್ಲಿ ಬಂದ ಹಾರ್ವೆ ಟೆಕ್ಸಾಸ್ ಕರಾವಳಿಯ ಮೇಲೆ ದಿನಗಟ್ಟಲೆ ಕದಲದೆ ನಿಂತುಬಿಟ್ಟಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ. ಕೊಲ್ಲಿಯ ನೀರೂ ಆ ವರ್ಷ ವಾಡಿಕೆಗಿಂತ ಬಿಸಿಯಿತ್ತು. ಒಂದು ಕಡೆಯಂತೂ 1,500 ಮಿಲಿಮೀಟರ್ ಮೀರಿ ಮಳೆ ಸುರಿಯಿತು, ಬೆಂಗಳೂರಿಗೆ ಒಂದೂವರೆ ವರ್ಷದಲ್ಲಿ ಬೀಳುವಷ್ಟು.