ಯಾರೂ ಪಡೆಯದ ಒಪ್ಪಿಗೆ: ಆಸ್ಟ್ರೇಲಿಯಾದ ಜನವರಿ 26ರ ವಿವಾದ ಎಲ್ಲಿಂದ ಬಂತು?

ಜನವರಿ 26 ನಮಗೆ ಗಣರಾಜ್ಯೋತ್ಸವ. ಆಸ್ಟ್ರೇಲಿಯಾದಲ್ಲಿ ಅದೇ ದಿನ 'ಆಸ್ಟ್ರೇಲಿಯಾ ಡೇ'. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಂದು ಎರಡೂ ದೇಶಗಳ ಬಾವುಟ ಕಾಣುತ್ತವೆ. ಮೂರನೆಯದೊಂದೂ ಕಾಣುತ್ತದೆ: ಮೇಲೆ ಕಪ್ಪು, ಕೆಳಗೆ ಕೆಂಪು, ನಡುವೆ ಹಳದಿ ಸೂರ್ಯ. ಅದು ಅಲ್ಲಿನ ಮೂಲನಿವಾಸಿಗಳಾದ ಅಬಾರಿಜಿನಲ್ ಜನರ ಬಾವುಟ. ಅದನ್ನು ಹಿಡಿದು ಸಾವಿರಾರು ಜನ ಬೀದಿಗಿಳಿಯುತ್ತಾರೆ. ಅವರ ಪಾಲಿಗೆ ಅದು ಶೋಕದ ದಿನ.

ಈ ದಿನವನ್ನು ಬದಲಿಸಬೇಕೋ ಬೇಡವೋ ಎಂಬ ಚರ್ಚೆ ಪ್ರತಿ ವರ್ಷ ನಡೆಯುತ್ತದೆ. 2023ರಲ್ಲಿ ಇದೇ ಜನರಿಗೆ ಸಂಸತ್ತಿನ ಮುಂದೆ ಒಂದು ದನಿ ಕೊಡುವ ವಿಚಾರಕ್ಕೆ ದೇಶವೇ ಮತ ಹಾಕಿತು, ಪ್ರಸ್ತಾವ ಸೋತಿತು. ಒಂದು ರಾಜ್ಯ ಅವರ ಜೊತೆ ಒಪ್ಪಂದಕ್ಕೆ ಹೊರಟರೆ ಇನ್ನೊಂದು ರಾಜ್ಯ ಅದಕ್ಕಿದ್ದ ಕಾನೂನನ್ನೇ ರದ್ದು ಮಾಡಿತು. ದೂರದಿಂದ ನೋಡುವವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಆದರೆ ಎಳೆ ಹಿಡಿದು ಹಿಂದಕ್ಕೆ ಹೋದರೆ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಆ ನೆಲದಲ್ಲಿ ಊರು ಕಟ್ಟುವ ಮುಂಚೆ, ಅಲ್ಲಿ ಮೊದಲೇ ಇದ್ದವರ ಒಪ್ಪಿಗೆ ಪಡೆದಿದ್ದರೇ?

ಅಲ್ಲಿ ಜನ ಇದ್ದದ್ದು ಕನಿಷ್ಠ 50 ಸಾವಿರ ವರ್ಷಗಳಿಂದ. 250ಕ್ಕೂ ಹೆಚ್ಚು ಭಾಷೆಗಳಿದ್ದವು. ಪ್ರತಿ ಕುಲಕ್ಕೂ ತನ್ನ ನೆಲದ ಗಡಿ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿತ್ತು. ಉತ್ತರದ ಕರಾವಳಿಗೆ ಇಂಡೋನೇಷ್ಯಾದ ಮಕಾಸ್ಸರ್ ಕಡೆಯ ನಾವಿಕರು ಮಳೆಗಾಲದ ಗಾಳಿ ಹಿಡಿದು ಬರುತ್ತಿದ್ದರು. ಕಡಲಸೌತೆ ಎಂಬ ಸಮುದ್ರಜೀವಿಯನ್ನು ಹಿಡಿದು, ಒಣಗಿಸಿ, ಗಾಳಿ ತಿರುಗಿದಾಗ ವಾಪಸ್ ಹೋಗುತ್ತಿದ್ದರು. ಅಲ್ಲಿನ ಯೋಲ್ಙು ಜನರ ಜೊತೆ ವ್ಯಾಪಾರವಿತ್ತು, ಕೆಲವೊಮ್ಮೆ ಜಗಳವೂ ಆಗುತ್ತಿತ್ತು. ಆದರೆ ನೆಲ ಯಾರದು ಎಂಬ ಬಗ್ಗೆ ತಕರಾರು ಇರಲಿಲ್ಲ. ಯುರೋಪಿಯನ್ನರಲ್ಲಿ ಮೊದಲು ಬಂದವರು ಡಚ್ಚರು. 1606ರಲ್ಲಿ ವಿಲ್ಲೆಮ್ ಯಾನ್ಸ್‌ಜೋನ್, 1616ರಲ್ಲಿ ಡಿರ್ಕ್ ಹಾರ್ಟಾಗ್, 1642ರಲ್ಲಿ ಆಬೆಲ್ ಟಾಸ್ಮನ್. ತಮಗೆ ಬೇಕಾದ ವ್ಯಾಪಾರದ ಸರಕು ಕಾಣದೆ ಅವರು ಹಿಂದಿರುಗಿದರು.

1768ರಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಜೇಮ್ಸ್ ಕುಕ್ ಇಂಗ್ಲೆಂಡಿನಿಂದ ಹೊರಟಾಗ ಅವರ ಕೈಯಲ್ಲಿ ಗುಟ್ಟಿನ ಆದೇಶವೊಂದಿತ್ತು. ದಕ್ಷಿಣದಲ್ಲಿ ಹೊಸ ಭೂಮಿ ಸಿಕ್ಕರೆ, ಅಲ್ಲಿನ ನಿವಾಸಿಗಳ ಒಪ್ಪಿಗೆ ಪಡೆದು ಸೂಕ್ತ ಜಾಗಗಳನ್ನು ರಾಜನ ಹೆಸರಿನಲ್ಲಿ ವಶಕ್ಕೆ ತೆಗೆದುಕೊಳ್ಳಬೇಕು. ಜನರೇ ಇಲ್ಲದಿದ್ದರೆ ಹಾಗೆಯೇ ತೆಗೆದುಕೊಳ್ಳಬಹುದು. ಅಂದರೆ ಒಪ್ಪಿಗೆ ಪಡೆಯುವುದು ಈ ಕಾಲದವರ ಹೊಸ ವಿಚಾರವೇನಲ್ಲ. ಲಂಡನ್ನಿನ ಕಾಗದದಲ್ಲೇ ಅದು ಇತ್ತು.

1770ರ ಏಪ್ರಿಲ್ 29ರಂದು ಕುಕ್ ಈಗಿನ ಸಿಡ್ನಿಯ ಬಾಟನಿ ಬೇ ದಡಕ್ಕೆ ಬಂದರು. ಗ್ವೀಗಲ್ ಕುಲದ ಇಬ್ಬರು ಗಂಡಸರು ಈಟಿ ಹಿಡಿದು ಇಳಿಯಬೇಡಿ ಎಂದು ಕೂಗಿದರು. ಒಬ್ಬನಿಗೆ ಬಂದೂಕಿನ ಚಿಲ್ಲರೆ ಗುಂಡು ತಗುಲಿತು. ಗುಡಿಸಲುಗಳ ಹತ್ತಿರ ಸಿಕ್ಕ ಈಟಿಗಳನ್ನು ಹಡಗಿನವರು ಎತ್ತಿಕೊಂಡು ಹೋದರು. ಅವುಗಳಲ್ಲಿ ನಾಲ್ಕು ಕೇಂಬ್ರಿಡ್ಜ್‌ನಲ್ಲಿ ಉಳಿದಿದ್ದವು, 2024ರಲ್ಲಿ ಆ ಸಮುದಾಯಕ್ಕೆ ಮರಳಿದವು. ಅದೇ 1770ರ ಆಗಸ್ಟ್ 22ರಂದು ಉತ್ತರದ ತುದಿಯ ಪುಟ್ಟ ದ್ವೀಪವೊಂದರಲ್ಲಿ ಬಾವುಟ ಹಾರಿಸಿ, ಇಡೀ ಪೂರ್ವ ಕರಾವಳಿ ಬ್ರಿಟನ್ ರಾಜನದು ಎಂದು ಕುಕ್ ಘೋಷಿಸಿದರು. ಯಾರ ಒಪ್ಪಿಗೆಯನ್ನೂ ಪಡೆದಿರಲಿಲ್ಲ.

ಆಮೇಲೆ ಅಮೆರಿಕ ಕೈತಪ್ಪಿತು. ಅಲ್ಲಿಗೆ ಸಾಗಿಸುತ್ತಿದ್ದ ಕೈದಿಗಳನ್ನು ಎಲ್ಲಿಗೆ ಕಳಿಸುವುದು ಎಂಬ ಚಿಂತೆ ಬ್ರಿಟನ್ನಿಗೆ ಶುರುವಾಯಿತು. 1785ರಲ್ಲಿ ಸಂಸತ್ತಿನ ಸಮಿತಿಯೊಂದು, ಕುಕ್ ಜೊತೆ ಹೋಗಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅವರನ್ನು ನೇರವಾಗಿ ಕೇಳಿತು: ಅಲ್ಲಿನ ಜನರಿಂದ ಜಾಗ ಕೊಂಡುಕೊಳ್ಳಲು ಆಗುತ್ತದೆಯೇ? ಆಗದು ಎಂದರು ಬ್ಯಾಂಕ್ಸ್. ಅವರಿಗೆ ಕೊಡಬಹುದಾದದ್ದು ನಮ್ಮ ಬಳಿ ಏನೂ ಇರಲಿಲ್ಲ, ಆಹಾರ ಬಿಟ್ಟು, ಅದು ನಮಗೇ ಬೇಕಿತ್ತು ಎಂಬುದು ಅವರ ಉತ್ತರ. ಜನ ಕಡಿಮೆ, ಎದುರು ನಿಲ್ಲುವವರಲ್ಲ ಎಂದೂ ಅವರು ಭರವಸೆ ಕೊಟ್ಟಿದ್ದರು. ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಈ ಪ್ರಶ್ನೋತ್ತರವನ್ನು ಎಷ್ಟು ಸಲ ಓದಿದರೂ ಮನಸ್ಸಿಗೆ ಚುಚ್ಚುತ್ತದೆ. ಕೊಳ್ಳಬೇಕಾದರೆ ಮಾಲೀಕರಿರಬೇಕು, ಅಲ್ವಾ?

1788ರ ಜನವರಿಯಲ್ಲಿ ಕೈದಿಗಳನ್ನು ಕರೆತಂದ ಹನ್ನೊಂದು ಹಡಗುಗಳ ಗುಂಪು ಬಂತು. 26ರಂದು ಸಿಡ್ನಿ ಕೋವ್‌ನಲ್ಲಿ ಬಾವುಟ ಏರಿತು. ಗವರ್ನರ್ ಆರ್ಥರ್ ಫಿಲಿಪ್ ಅವರಿಗೆ ಕೊಟ್ಟ ಸೂಚನೆಯಲ್ಲಿ, ಅಲ್ಲಿನವರ ಜೊತೆ ಸ್ನೇಹದಿಂದ, ದಯೆಯಿಂದ ಇರಬೇಕು ಎಂದಿತ್ತು. ನೆಲಕ್ಕೆ ಒಪ್ಪಿಗೆಯ ಮಾತು ಇರಲಿಲ್ಲ. ಜನ ಕಡಿಮೆ ಎಂಬ ಮಾತು ಮೊದಲ ವರ್ಷವೇ ಸುಳ್ಳಾಯಿತು. ಸಿಡ್ನಿಯ ಆಸುಪಾಸಿನ ಕರಾವಳಿಯಲ್ಲೇ 1,500ಕ್ಕೆ ಕಡಿಮೆಯಿಲ್ಲದಷ್ಟು ಜನ ಇದ್ದಾರೆ ಎಂದು ಫಿಲಿಪ್ ಅವರೇ ಬರೆದರು.

ಆ ಮೊದಲ ನಾಲ್ಕೈದು ವರ್ಷಗಳನ್ನು ಸುಮ್ನೆ ದಾಟಿ ಹೋಗಬಾರದು. ಮುಂದೆ ದೇಶದುದ್ದಕ್ಕೂ ಆಗಿದ್ದರ ಮೊದಲ ರೂಪ ಅಲ್ಲಿದೆ. ಆ ಕೊಲ್ಲಿಯ ಹೆಂಗಸರು ತೊಗಟೆಯ ದೋಣಿಯಲ್ಲಿ, ಅದರೊಳಗೇ ಬೆಂಕಿ ಉರಿಸಿಕೊಂಡು, ಗಾಳ ಹಾಕಿ ಮೀನು ಹಿಡಿಯುತ್ತಿದ್ದರು. ಹಡಗಿನವರು ದೊಡ್ಡ ಬಲೆ ಬೀಸಿದರು. ಚಳಿಗಾಲದಲ್ಲಿ ಮೀನು ಕಡಿಮೆಯಾದಾಗ ಹಸಿವು ಇಬ್ಬರನ್ನೂ ತಟ್ಟಿತು. 1789ರ ಏಪ್ರಿಲ್‌ನಲ್ಲಿ ಸಿಡುಬು ಬಂತು. ಅದು ಹೇಗೆ ಬಂತು ಎಂದು ಇತಿಹಾಸಕಾರರು ಇಂದಿಗೂ ವಾದ ಮಾಡುತ್ತಾರೆ. ಸುತ್ತಲಿನ ಅರ್ಧದಷ್ಟು ಜನ ಸತ್ತರು ಎಂದು ಫಿಲಿಪ್ ಅಂದಾಜು ಮಾಡಿದರು. ಸಿಡ್ನಿ ಕೋವ್ ಇದ್ದದ್ದೇ ಕ್ಯಾಡಿಗಲ್ ಕುಲದ ನೆಲದಲ್ಲಿ. ಆ ಕುಲದಲ್ಲಿ ಮೂವರೇ ಉಳಿದರು ಎಂದು ಆಗಿನವರು ಬರೆದಿಟ್ಟಿದ್ದಾರೆ.

ಸ್ನೇಹ ಬೆಳೆಸಲೆಂದು ಹಿಡಿದ ದಾರಿ ಅಪಹರಣ. ಮೊದಲು ಅರಬಾನೂ ಎಂಬುವನನ್ನು ಹಿಡಿದು ತಂದರು, ಅವನು ಸಿಡುಬಿಗೆ ಬಲಿಯಾದ. ಆಮೇಲೆ ಬೆನ್ನೆಲಾಂಗ್ ಮತ್ತು ಕೋಲ್ಬಿಯನ್ನು ತಂದರು. ಇಬ್ಬರೂ ತಪ್ಪಿಸಿಕೊಂಡರು. 1790ರ ಸೆಪ್ಟೆಂಬರ್‌ನಲ್ಲಿ ಮ್ಯಾನ್ಲಿ ದಡದಲ್ಲಿ ಫಿಲಿಪ್ ಅವರ ಹೆಗಲಿಗೆ ಈಟಿ ನಾಟಿತು. ಸೇಡು ಬೇಡ ಎಂದು ಅವರು ಆದೇಶಿಸಿದರು. ಆದ ತಪ್ಪುಗಳಿಗೆ ಮೂಲನಿವಾಸಿಗಳ ನ್ಯಾಯದ ಪ್ರಕಾರ ಕೊಟ್ಟ ಶಿಕ್ಷೆ ಅದು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ವಿಚಿತ್ರವೆಂದರೆ ಅದಾದ ಮೇಲೆ ಬೆನ್ನೆಲಾಂಗ್ ತಾನಾಗಿಯೇ ಊರಿಗೆ ಬಂದು ಹೋಗಲು ಶುರು ಮಾಡಿದ. ಅವನ ಹೆಂಡತಿ ಬರಂಗರೂ ಮೀನು ಹಿಡಿಯುವುದರಲ್ಲಿ ನಿಪುಣೆ, ಗಟ್ಟಿ ಹೆಂಗಸು. ಮೀನುಗಾಳ ಕದ್ದ ಕೈದಿಯೊಬ್ಬನಿಗೆ ಅವರೆದುರೇ ಚಾಟಿ ಏಟು ಕೊಟ್ಟಾಗ, ಆಕೆ ಕೋಲು ಎತ್ತಿಕೊಂಡು ಹೊಡೆಯುವವನ ಮೇಲೇ ಏರಿ ಹೋದಳು. ಕದ್ದ ಮಾಲು ಅವಳ ಕಡೆಯವರದ್ದೇ ಆಗಿತ್ತು. ಆದರೂ ಕಟ್ಟಿಹಾಕಿ ಹೊಡೆಯುವುದನ್ನು ಅವಳು ನ್ಯಾಯ ಎಂದು ಒಪ್ಪಲಿಲ್ಲ.

ವಿಲಿಯಂ ಡಾಸ್ ಎಂಬ ಯುವ ಅಧಿಕಾರಿ ನಕ್ಷತ್ರ ನೋಡುವ ಕೆಲಸಕ್ಕೆ ಬಂದವರು. ಪಟ್ಯೆಗರಾಂಗ್ ಎಂಬ ಹುಡುಗಿಯಿಂದ ಅವರು ಅಲ್ಲಿನ ಭಾಷೆ ಕಲಿತು ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ನಿಮ್ಮವರು ಯಾಕೆ ನಮ್ಮವರ ಮೇಲೆ ಈಟಿ ಎಸೆಯುತ್ತಾರೆ ಎಂದು ಒಮ್ಮೆ ಕೇಳಿದರು. ಸಿಟ್ಟು ಬಂದಿದೆ ಎಂದಳು. ಯಾಕೆ ಸಿಟ್ಟು? ಬಿಳಿಯರು ಇಲ್ಲಿ ನೆಲೆ ನಿಂತಿದ್ದಾರಲ್ಲ, ಅದಕ್ಕೆ. ಊರು ಹುಟ್ಟಿ ಮೂರ್ನಾಲ್ಕು ವರ್ಷದೊಳಗೇ ಬಂದ ಉತ್ತರ ಇದು. ಅಲ್ಲಿನವರಿಗೆ ನೆಲದ ಪರಿವೆ ಇರಲಿಲ್ಲ ಎಂದು ನಂತರ ಯಾರೇ ಹೇಳಿದರೂ ಈ ಪುಟ ಅದಕ್ಕೆ ಎದುರಾಗಿ ನಿಲ್ಲುತ್ತದೆ.

ಪೆಮುಲ್ವುಯ್ ಎಂಬ ಮೂಲನಿವಾಸಿ ಯೋಧ ಬ್ರಿಟಿಷರ ವಿರುದ್ಧ ಸುಮಾರು ಹತ್ತು ವರ್ಷ ಹೋರಾಡಿದ. 1797ರಲ್ಲಿ ಪ್ಯಾರಮಾಟಾದಲ್ಲಿ ಗುಂಡು ತಿಂದೂ ಬದುಕಿದ. 1802ರಲ್ಲಿ ಅವನನ್ನು ಕೊಂದು, ತಲೆಯನ್ನು ಇಂಗ್ಲೆಂಡಿಗೆ, ಅದೇ ಬ್ಯಾಂಕ್ಸ್ ಅವರಿಗೆ ಕಳಿಸಲಾಯಿತು. ಅದು ಇವತ್ತಿಗೂ ಸಿಕ್ಕಿಲ್ಲ.

ಮುಂದಿನ ಘಟ್ಟಕ್ಕೆ ನಮ್ಮ ನೆಲದ ನಂಟೂ ಇದೆ. 1810ರಿಂದ 1821ರವರೆಗೆ ಸಿಡ್ನಿಯ ವಸಾಹತಾದ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದ ಲ್ಯಾಕ್ಲನ್ ಮ್ಯಾಕ್ವಾರಿ, 1792 ಮತ್ತು 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣದ ಯುದ್ಧಗಳಲ್ಲಿ ಇದ್ದ ಸೈನ್ಯಾಧಿಕಾರಿ. ಮೈಸೂರಿನಲ್ಲಿ ಕಂಪನಿಗೆ ಎದುರಾಗಿದ್ದು ಕೋಟೆ, ಫಿರಂಗಿ, ಸುಲ್ತಾನ. ಅಲ್ಲಿ ಸಂಧಿಪತ್ರಗಳಿಗೆ ಸಹಿ ಬಿದ್ದವು, ಮಾತುಕತೆಗೆ ಒಬ್ಬ ದೊರೆ ಇದ್ದ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೋಟೆಯೂ ಇರಲಿಲ್ಲ, ಸಂಧಿಯೂ ಆಗಲಿಲ್ಲ. ಮೂಲನಿವಾಸಿ ಮಕ್ಕಳಿಗೆ ಶಾಲೆ ತೆರೆಸಿದ ಇದೇ ಆಡಳಿತ 1816ರಲ್ಲಿ ಅದೇ ಜನರ ಮೇಲೆ ಸೈನಿಕರನ್ನು ಕಳಿಸಿತು. ಸತ್ತವರ ದೇಹಗಳನ್ನು ಉಳಿದವರಿಗೆ ಭಯ ಹುಟ್ಟುವಂತೆ ಮರಕ್ಕೆ ನೇತು ಹಾಕಿ ಎಂಬುದೂ ಆದೇಶದಲ್ಲಿತ್ತು. ಏಪ್ರಿಲ್ 17ರಂದು ಆಪಿನ್ ಎಂಬಲ್ಲಿ ಹೆಂಗಸರು, ಮಕ್ಕಳು ಸೇರಿ ಕನಿಷ್ಠ 14 ಜನ ಸತ್ತರು. ಕೆಲವರು ಕಡಿದಾದ ಬಂಡೆಯಿಂದ ಬಿದ್ದು ಸತ್ತರು.

1835ರಲ್ಲಿ ಮಾತ್ರ ಒಂದು ಕಾಗದ ಹುಟ್ಟಿತು. ಈಗಿನ ಮೆಲ್ಬರ್ನ್ ಇರುವ ಕಡೆ ಜಾನ್ ಬ್ಯಾಟ್‌ಮನ್ ಎಂಬ ಕುರಿ ಸಾಕುವವರು, ಕಂಬಳಿ, ಕೊಡಲಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು, ಅಲ್ಲಿನ ವುರುಂಡ್ಜೆರಿ ಜನರ ಹಿರಿಯರಿಂದ ಲಕ್ಷಾಂತರ ಎಕರೆ ಪಡೆದೆ ಎಂದು ಬರೆಸಿಕೊಂಡರು. ಹಿರಿಯರು ಅದನ್ನು ಮಾರಾಟ ಎಂದುಕೊಂಡಿರಲಾರರು. ಹೊರಗಿನವರಿಗೆ ಸ್ವಲ್ಪ ಕಾಲ ಇರಲು ಅನುಮತಿ ಕೊಡುವ ಪದ್ಧತಿ ಅವರಲ್ಲಿತ್ತು. ಕಾಗದದಲ್ಲಿ ನ್ಯಾಯವೇನೂ ಇರಲಿಲ್ಲ, ನಿಜ. ಆದರೆ ಸಿಡ್ನಿಯಿಂದ ಗವರ್ನರ್ ರಿಚರ್ಡ್ ಬೋರ್ಕ್ ಅದನ್ನು ರದ್ದು ಮಾಡಿದ್ದು ಮೋಸದ ಬೆಲೆ ಎಂಬ ಕಾರಣಕ್ಕಲ್ಲ. ಆ ನೆಲ ರಾಜನದು, ಮಾರಲು ಅಲ್ಲಿನವರಿಗೆ ಹಕ್ಕಿಲ್ಲ ಎಂಬುದು ಕಾರಣ. ಇದಾದ ಐದೇ ವರ್ಷಕ್ಕೆ, 1840ರಲ್ಲಿ, ಪಕ್ಕದ ನ್ಯೂಜಿಲೆಂಡ್‌ನಲ್ಲಿ ಇದೇ ಬ್ರಿಟನ್ ಮಾವೊರಿ ನಾಯಕರ ಜೊತೆ ವೈಟಾಂಗಿಯಲ್ಲಿ ಒಪ್ಪಂದ ಮಾಡಿಕೊಂಡಿತು.

ಮುಂದಿನ ನೂರಿಪ್ಪತ್ತು ವರ್ಷದಲ್ಲಿ ಕುರಿ, ಚಿನ್ನ, ಬೇಲಿ, ಬಂದೂಕು ಒಳನಾಡಿಗೆ ಹೋದವು, ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಳ್ಳಲಾಯಿತು, ಹೊಸ ದೇಶದ ಸಂವಿಧಾನ ಅವರನ್ನು ಜನಗಣತಿಯಿಂದಲೇ ಹೊರಗಿಟ್ಟಿತು. 1889ರಲ್ಲಿ ವಸಾಹತುಗಳ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಬ್ರಿಟಿಷರು ಬಂದಾಗ ಆ ನೆಲ ಹೆಚ್ಚುಕಡಿಮೆ ಖಾಲಿಯಿತ್ತು ಎಂದಿತು. ಪಹಣಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ತಲೆಮಾರುಗಳಿಂದ ಉಳುತ್ತಿದ್ದವರನ್ನು ಇಲ್ಲವೆನ್ನುವ ಹಾಗಾಯಿತು ಇದು.

1967ರಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಜನಗಣತಿಯ ಆ ನಿಯಮ ತೆಗೆಯಲು ಒಪ್ಪಿದರು. ಅಂದು ಮತದಾನದ ಹಕ್ಕು ಸಿಕ್ಕಿತು ಎಂದು ಜಾಸ್ತಿ ಜನ ತಿಳಿದಿದ್ದಾರೆ. ದೇಶದ ಚುನಾವಣೆಗಳಲ್ಲಿ ಎಲ್ಲ ಮೂಲನಿವಾಸಿಗಳಿಗೂ ಆ ಹಕ್ಕು 1962ರಲ್ಲೇ ಸಿಕ್ಕಿತ್ತು.

ನೆಲದ ಪ್ರಶ್ನೆಯನ್ನು ಕೋರ್ಟಿನಲ್ಲಿ ಗೆದ್ದಿದ್ದು ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ಮೇರ್ ದ್ವೀಪದವರು. ಅವರಲ್ಲಿ ಒಬ್ಬರಾದ ಎಡ್ಡಿ ಮಾಬೊ ವಿಶ್ವವಿದ್ಯಾಲಯವೊಂದರಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಊರಿನಲ್ಲಿ ತಮ್ಮ ಮನೆತನದ ಜಮೀನು ಕಾನೂನಿನ ಪ್ರಕಾರ ಸರ್ಕಾರದ್ದು ಎಂದು ಅಲ್ಲಿನ ಇತಿಹಾಸಕಾರರ ಜೊತೆ ಮಾತಾಡುವಾಗ ತಿಳಿದು ದಂಗಾದರು. 1982ರಲ್ಲಿ ದಾವೆ ಹೂಡಿದರು. 1992ರ ಜನವರಿಯಲ್ಲಿ ತೀರಿಕೊಂಡರು. ತೀರ್ಪು ಬಂದದ್ದು ಜೂನ್ 3ರಂದು. ಆ ದೇಶದ ಅತಿ ದೊಡ್ಡ ನ್ಯಾಯಾಲಯವಾದ ಹೈಕೋರ್ಟ್, ಬ್ರಿಟಿಷರು ಬರುವ ಮುಂಚೆಯೇ ಇವರಿಗೆ ನೆಲದ ಹಕ್ಕಿತ್ತು ಎಂದು ಒಪ್ಪಿತು. ಆದರೆ ಖಾಸಗಿಯವರಿಗೆ ಪೂರ್ಣ ಹಕ್ಕಿನೊಂದಿಗೆ ಹೋದ ಜಮೀನಿನಲ್ಲಿ ಆ ಹಕ್ಕು ಅಳಿದುಹೋಗಿದೆ ಎಂದಿತು. ಹೀಗಾಗಿ ಮೊದಲು ನೆಲ ಕಳೆದುಕೊಂಡ ಸಿಡ್ನಿ, ಮೆಲ್ಬರ್ನ್ ಕಡೆಯವರಿಗೆ ತೀರ್ಪಿನಿಂದ ಸಿಕ್ಕಿದ್ದು ತೀರಾ ಕಡಿಮೆ.

ಮೂಲನಿವಾಸಿ ನಾಯಕರು ಜನವರಿ 26ನ್ನು ಶೋಕದ ದಿನ ಎಂದು ಕರೆದದ್ದು 1938ರಲ್ಲೇ. ಎಲ್ಲ ರಾಜ್ಯಗಳೂ ಅದೇ ತಾರೀಖಿಗೆ ರಜೆ ಕೊಡಲು ಶುರು ಮಾಡಿದ್ದು 1994ರಿಂದ, ಅಂದರೆ ಮಾಬೊ ತೀರ್ಪು ಬಂದ ಮೇಲೆ. 2017ರಲ್ಲಿ ದೇಶದ ನಡುಭಾಗದ ಉಲುರುವಿನಲ್ಲಿ ಸೇರಿದ ಮೂಲನಿವಾಸಿ ಪ್ರತಿನಿಧಿಗಳು ಸಂವಿಧಾನದಲ್ಲಿ ತಮಗೊಂದು ದನಿ, ಆಮೇಲೆ ಒಪ್ಪಂದ, ನಡೆದದ್ದರ ಸತ್ಯ ಹೇಳುವ ಪ್ರಕ್ರಿಯೆ ಬೇಕೆಂದರು. ಆ ದನಿಯ ಪ್ರಸ್ತಾವಕ್ಕೆ 2023ರ ಅಕ್ಟೋಬರ್ 14ರಂದು ಸುಮಾರು ಶೇ 60 ಮತದಾರರು ಬೇಡ ಎಂದರು. ಆರೂ ರಾಜ್ಯಗಳಲ್ಲಿ ಸೋಲಾಯಿತು.

ಹಾಗಾಗಿ ಈಗ ಮಾತು ರಾಜ್ಯಗಳ ಮಟ್ಟಕ್ಕೆ ಇಳಿದಿದೆ. ಕ್ವೀನ್ಸ್‌ಲ್ಯಾಂಡ್ ಒಪ್ಪಂದದ ದಾರಿಗೆಂದು ಮಾಡಿದ್ದ ಕಾನೂನನ್ನು 2024ರಲ್ಲಿ ರದ್ದು ಮಾಡಿತು. ಬ್ಯಾಟ್‌ಮನ್ ಕಾಗದ ಹುಟ್ಟಿದ ವಿಕ್ಟೋರಿಯಾದಲ್ಲಿ 2025ರ ಅಕ್ಟೋಬರ್‌ನಲ್ಲಿ ಒಪ್ಪಂದದ ಮಸೂದೆ ಪಾಸಾಯಿತು. ಆಸ್ಟ್ರೇಲಿಯಾದ ಸರ್ಕಾರವೊಂದು ಮೂಲನಿವಾಸಿಗಳ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದ್ದು ಇದೇ ಮೊದಲು. ಅದರಲ್ಲಿ ಜಮೀನು ವಾಪಸ್ ಕೊಡುವ ಮಾತಿಲ್ಲ. ಅವರು ಆರಿಸಿದ ಸಭೆಯೊಂದಕ್ಕೆ ಕಾನೂನಿನ ಬಲವಿದೆ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಹಕ್ಕಿದೆ. ಅಧಿಕಾರಕ್ಕೆ ಬಂದರೆ ಇದನ್ನು ರದ್ದು ಮಾಡುತ್ತೇವೆ ಎಂದು ಅಲ್ಲಿನ ವಿರೋಧ ಪಕ್ಷಗಳು ಹೇಳಿವೆ. ಇಡೀ ದೇಶದ ಮಟ್ಟದಲ್ಲಿ ಇಂಥ ಒಪ್ಪಂದ ಇನ್ನೂ ಆಗಿಲ್ಲ.