ಚಕ್ಕುಲಿಯ ಲೆಕ್ಕದಲ್ಲಿ ಒಲೆಯ ಬೆಲೆ

ದ್ವಿತೀಯ ಪಿಯುಸಿ ಗಣಿತದಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಚಿಕ್ಕ ಅಧ್ಯಾಯವೊಂದಿದೆ: ಇರುವ ಮಿತಿಗಳೊಳಗೆ ಲಾಭವನ್ನು ಗರಿಷ್ಠ ಅಥವಾ ಖರ್ಚನ್ನು ಕನಿಷ್ಠ ಮಾಡುವ ಲೆಕ್ಕ. ಗ್ರಾಫ್ ಎಳೆದು ಮೂಲೆಯ ಬಿಂದುಗಳನ್ನು ಪರೀಕ್ಷಿಸಿದರೆ ಅಂಕ ಖಚಿತವೆಂದು ವಿದ್ಯಾರ್ಥಿಗಳು ಅದನ್ನು ಅಭ್ಯಾಸ ಮಾಡುತ್ತಾರೆ. ಇರುವ ಸಂಪನ್ಮೂಲಗಳ ಅತ್ಯುತ್ತಮ ಬಳಕೆಯನ್ನು ಗಣಿತದಿಂದ ಹುಡುಕುವ ಆಪರೇಷನ್ಸ್ ರಿಸರ್ಚ್ ಎಂಬ ಶಾಸ್ತ್ರದ ಹೊಸ್ತಿಲು ಅದೇ ಎಂಬುದು ಕೆಲವರಿಗಷ್ಟೇ ತಿಳಿಯುತ್ತದೆ. ಅದನ್ನು ದಾಟಿ ಸ್ನಾತಕೋತ್ತರ ತರಗತಿಗೆ ಬಂದವರಿಗೆ ನಾನು ಹೇಳುವುದಿಷ್ಟೇ: ಲೆಕ್ಕ ಬಿಡಿಸುವುದಕ್ಕಿಂತ ಲೆಕ್ಕ ಕಟ್ಟುವುದಕ್ಕೆ, ಬಂದ ಉತ್ತರವನ್ನು ಓದುವುದಕ್ಕೆ ಹೆಚ್ಚು ಸಮಯ ಕೊಡಿ.

ಬಿಡಿಸುವ ಸಿಂಪ್ಲೆಕ್ಸ್ ಎಂಬ ವಿಧಾನವನ್ನು ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್‌ಜಿಗ್ 1947ರಲ್ಲೇ ಕೊಟ್ಟರು. 1984ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿದ್ದ ನರೇಂದ್ರ ಕರ್ಮಾರ್ಕರ್ ಇನ್ನೊಂದು ದಾರಿ ತೋರಿದರು. ಇಂದು ಲಕ್ಷಾಂತರ ಚರಗಳ ಸಮಸ್ಯೆಯನ್ನೂ ಕಂಪ್ಯೂಟರ್ ಬಿಡಿಸುತ್ತದೆ. ಸಿಂಪ್ಲೆಕ್ಸ್ ಕೋಷ್ಟಕವನ್ನು ಕೈಯಲ್ಲಿ ಎರಡು ಮೂರು ಸಲ ಮಾಡಿದರೆ ಸಾಕು.

ಒಂದು ಮನೆ ಉದ್ದಿಮೆಯನ್ನು ಊಹಿಸಿಕೊಳ್ಳಿ. ಕಿಲೋ ಚಕ್ಕುಲಿಗೆ 40 ರೂಪಾಯಿ, ಕೋಡುಬಳೆಗೆ 30 ರೂಪಾಯಿ ಲಾಭ. ಚಕ್ಕುಲಿಗೆ 20 ನಿಮಿಷ, ಕೋಡುಬಳೆಗೆ 10 ನಿಮಿಷ ಕೈಕೆಲಸ ಬೇಕು. ಕರಿಯಲು ಎರಡಕ್ಕೂ ಕಿಲೋಗೆ ತಲಾ 10 ನಿಮಿಷ ಒಲೆ ಬೇಕು. ದಿನಕ್ಕೆ ಒಟ್ಟು 1000 ನಿಮಿಷ ಕೈಕೆಲಸ, 800 ನಿಮಿಷ ಒಲೆ ಸಿಗುತ್ತದೆ. ಹೆಚ್ಚು ಲಾಭದ ಚಕ್ಕುಲಿಯನ್ನಷ್ಟೇ ಮಾಡಿದರೆ 2000 ರೂಪಾಯಿ, ಕೋಡುಬಳೆಯನ್ನಷ್ಟೇ ಮಾಡಿದರೆ 2400. 20 ಕಿಲೋ ಚಕ್ಕುಲಿ, 60 ಕಿಲೋ ಕೋಡುಬಳೆ ಮಾಡಿದರೆ 2600, ಇದೇ ಗರಿಷ್ಠ. ಇಲ್ಲಿಗೇ ನಿಲ್ಲುವವರೇ ಹೆಚ್ಚು, ಆದರೆ ನಿಜವಾದ ಸ್ವಾರಸ್ಯ ಶುರುವಾಗುವುದು ಇಲ್ಲಿಂದ. ಇದೇ ಲೆಕ್ಕದ ಡ್ಯುಯಲ್, ಅಂದರೆ ಕೈಕೆಲಸ ಮತ್ತು ಒಲೆಯ ನಿಮಿಷಗಳಿಗೆ ಬೆಲೆ ಕಟ್ಟುವ ಜೋಡಿ ಲೆಕ್ಕವನ್ನು ಬಿಡಿಸಿದರೆ ಕೈಕೆಲಸದ ಒಂದು ನಿಮಿಷಕ್ಕೆ 1 ರೂಪಾಯಿ, ಒಲೆಯ ಒಂದು ನಿಮಿಷಕ್ಕೆ 2 ರೂಪಾಯಿ ಎಂಬ ನೆರಳು ಬೆಲೆ, ಅಂದರೆ ಇನ್ನೊಂದು ನಿಮಿಷ ಸಿಕ್ಕರೆ ಹೆಚ್ಚುವ ಲಾಭ, ಸಿಗುತ್ತದೆ. ಆ ಬೆಲೆಗಳಲ್ಲಿ 1000 ಮತ್ತು 800 ನಿಮಿಷಗಳ ಒಟ್ಟು ಮೌಲ್ಯವೂ ಸರಿಯಾಗಿ 2600 ರೂಪಾಯಿಯೇ. ಅಂದರೆ ಹೆಚ್ಚುವರಿ ಒಲೆ ನಿಮಿಷಕ್ಕೆ 2 ರೂಪಾಯಿಗಿಂತ ಕಡಿಮೆ ಬಾಡಿಗೆಗೆ ಸಿಕ್ಕರೆ ತೆಗೆದುಕೊಳ್ಳಬಹುದು, ಆದರೆ ಒಟ್ಟು 1000 ನಿಮಿಷದವರೆಗೆ ಮಾತ್ರ. ಅದರಾಚೆ ಕೈಗಳು ಸಾಲದೆ ಒಲೆ ಸುಮ್ಮನೆ ಉರಿಯುತ್ತದೆ.

ಲೆಕ್ಕ ಕಟ್ಟುವುದು ಇನ್ನೂ ಕಷ್ಟ. ವೃತ್ತಿಯ ಆರಂಭದಲ್ಲಿ ನಾನು ಒಂದು ಕಾರ್ಖಾನೆಗೆ ಸರಕು ಸಾಗಣೆಯ ಯೋಜನೆ ಮಾಡಿಕೊಟ್ಟಿದ್ದೆ. ಗಣಿತದ ಪ್ರಕಾರ ಅದಕ್ಕಿಂತ ಕಡಿಮೆ ಖರ್ಚು ಸಾಧ್ಯವಿರಲಿಲ್ಲ. ಮೊದಲ ವಾರವೇ ಲಾರಿಗಳು ಒಂದು ಗೋದಾಮಿನ ಮುಂದೆ ಸಾಲುಗಟ್ಟಿ ನಿಂತವು, ಏಕೆಂದರೆ ಅಲ್ಲಿ ಹಮಾಲರು ಮಧ್ಯಾಹ್ನದವರೆಗಷ್ಟೇ ಸರಕು ಇಳಿಸುತ್ತಿದ್ದರು. ಆ ನಿರ್ಬಂಧ ಯಾವ ಕಡತದಲ್ಲೂ ಇರಲಿಲ್ಲ, ಗೋದಾಮಿಗೆ ಹೋಗಿ ಕೇಳಬೇಕೆಂದು ನನಗೂ ತೋಚಿರಲಿಲ್ಲ.

ಈ ವಿಷಯವನ್ನು ಓದಲು ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ವಿಭಾಗವೇ ಇದೆ, ಐಐಟಿ ಬಾಂಬೆಯಲ್ಲೂ ಅವಕಾಶವಿದೆ. ಎಲ್ಲಿಗೇ ಹೋದರೂ ಲೀನಿಯರ್ ಆಲ್ಜೀಬ್ರಾ ಗಟ್ಟಿಯಾಗಿರಬೇಕು, ಸಂಭವನೀಯತೆ ಮತ್ತು ಪ್ರೋಗ್ರಾಮಿಂಗ್ ಕೂಡ.

ಡ್ಯುಯಲ್ ಅನ್ನು ಹಗುರವಾಗಿ ಓದಿದವರು ಎಡವುವುದು ಪೂರ್ಣಾಂಕಗಳ ಲೆಕ್ಕದಲ್ಲಿ. ಚಕ್ಕುಲಿಯನ್ನು ಅರ್ಧ ಕಿಲೋ ಮಾಡಬಹುದು, ಲಾರಿಯನ್ನು ಅರ್ಧ ಕಳಿಸಲಾಗದು. ಉತ್ತರ 3.4 ಲಾರಿ ಎಂದು ಬಂದರೆ ಸುಮ್ಮನೆ 3 ಎಂದು ಇಳಿಸಿದಾಗ ಸರಕು ಉಳಿದುಬಿಡಬಹುದು. ಆದ್ದರಿಂದ 3 ಅಥವಾ ಅದಕ್ಕಿಂತ ಕಡಿಮೆ, 4 ಅಥವಾ ಅದಕ್ಕಿಂತ ಹೆಚ್ಚು ಎಂದು ಸಮಸ್ಯೆಯನ್ನು ಎರಡು ಕವಲು ಮಾಡಿ, ಪ್ರತಿ ಕವಲನ್ನೂ ಮತ್ತೆ ಒಡೆಯುತ್ತ ಹೋಗುತ್ತೇವೆ. ಕವಲುಗಳು ಬಹುಬೇಗ ಲೆಕ್ಕ ಮೀರುತ್ತವೆ. ಈ ಕವಲಿನಲ್ಲಿ ಈಗಾಗಲೇ ಸಿಕ್ಕಿರುವುದಕ್ಕಿಂತ ಅಗ್ಗದ ಉತ್ತರ ಇರಲು ಸಾಧ್ಯವೇ ಇಲ್ಲ ಎಂದು ಹೇಳಿ ಅದನ್ನು ಅಲ್ಲೇ ಕತ್ತರಿಸುವ ಧೈರ್ಯ ಕೊಡುವುದು, ಒಲೆಯ ನಿಮಿಷಕ್ಕೆ ಬೆಲೆ ಕಟ್ಟಿದ ಅದೇ ಡ್ಯುಯಲ್.