ಆಪರೇಷನ್ ಮಾಡಿಸಿದ್ದಕ್ಕೇ ನಾಯಿ ದಪ್ಪ ಆಯ್ತೇನ್ರಿ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೆ, ಮಕ್ಕಳಾಗದ ಆಪರೇಷನ್ ಮಾಡಿಸಿದ ಮ್ಯಾಲ ನಮ್ಮ ಲ್ಯಾಬ್ರಡಾರ್ ಭಾಳ ದಪ್ಪ ಆಗ್ಯಾದ. ರೊಟ್ಟಿ ಬಿಟ್ರ ಬ್ಯಾರೆ ಏನೂ ಹಾಕಂಗಿಲ್ರಿ. ಏನ್ ಮಾಡ್ಬೇಕು? (ಕಲಬುರಗಿಯ ಓದುಗರು)

ಉತ್ತರ: ಇದಕ್ಕೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ಇಡುವುದು ಬಿಟ್ಟಿದ್ದೇನೆ. ಆಪರೇಷನ್‌ನಲ್ಲಿ ನಾವು ತೆಗೆಯುತ್ತೇವೆ ನೋಡ್ರಿ, ಕೊಬ್ಬು ತುಂಬಿ ಹೊಲಿಯುವುದಿಲ್ಲ. ಹಾರ್ಮೋನು ಇಳಿದ ಮೇಲೆ ಮೈಗೆ ಬೇಕಾಗುವ ಕ್ಯಾಲರಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ತಾಟು ಮೊದಲಿನಷ್ಟೇ ತುಂಬಿದರೆ ಉಳಿದದ್ದು ಸೊಂಟಕ್ಕೆ ಕೂರುತ್ತದೆ. ಹೊಲಿಗೆ ಬಿಚ್ಚುವಾಗಲೇ ಊಟ ಕಾಲು ಭಾಗ ಇಳಿಸಿದವರ ನಾಯಿಗಳು ನನ್ನಲ್ಲಿಗೆ ತೆಳ್ಳಗೇ ಬರುತ್ತವೆ. ಆಪರೇಷನ್ನೇ ಆಗದ ಲ್ಯಾಬ್‌ಗಳೂ ಗುಡಾಣದಂತಾಗಿ ಬರುತ್ತವಲ್ಲ, ಅವಕ್ಕೆ ಯಾರನ್ನು ಬೈಯೋಣ?

‘ಹಸಿದಂಗ ನೋಡ್ತದ್ರಿ’ ಅಂತೀರಿ. ನೋಡುತ್ತದೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇರುವುದಿಲ್ಲ, ಇದು 2016ರಲ್ಲೇ ಗೊತ್ತಾಗಿದೆ. ತಿಂದರೂ ಅದಕ್ಕೆ ತೃಪ್ತಿ ಇಲ್ಲ. ಆ ಕಣ್ಣು ಹೊಟ್ಟೆಯ ಸಾಕ್ಷಿಯಲ್ಲ.

ಇನ್ನು ‘ಬರೀ ರೊಟ್ಟಿ’. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಎಂದರೆ ಹತ್ತಿರ ಹತ್ತಿರ 200 ಕ್ಯಾಲರಿ. 30 ಕಿಲೋ ಇರಬೇಕಾದ ಲ್ಯಾಬ್ ತೂಕ ಇಳಿಸಲು ಇಡೀ ದಿನಕ್ಕೆ ಸುಮಾರು 900 ಸಾಕು. ಮುತ್ಯಾ ಊಟಕ್ಕೆ ಕುಂತಾಗ ತಾಟಿನಿಂದ ಜಾರಿಸುವ ಎರಡು ರೊಟ್ಟಿ ಯಾರ ಲೆಕ್ಕದಲ್ಲೂ ಇಲ್ಲ. ಅಪ್ಪನ ಕೆರೆ ದಂಡೆಯಲ್ಲಿ ಎರಡು ಕಿಲೋಮೀಟರ್ ನಡೆಸಿದರೂ ಅರ್ಧ ರೊಟ್ಟಿ ಕರಗದು.

ಪಕ್ಕೆ ಮುಟ್ಟಿ ನೋಡಿ. ನಿಮ್ಮ ಕೈ ಚಾಚಿದಾಗ ಅಂಗೈಯ ಹಿಂಬದಿಯಲ್ಲಿ ಎಲುಬು ಸಿಗುತ್ತದಲ್ಲ, ಪಕ್ಕೆಲುಬು ಹಾಗೆ ಸಿಕ್ಕರೆ ಸರಿ. ಅಂಗೈಯಂತೆ ಮೆತ್ತಗಿದ್ದರೆ ದಪ್ಪ. ತೊಗರಿ ಚೀಲ ತೂಗುವ ಕಾಟಾದ ಮೇಲೆ ಹದಿನೈದು ದಿನಕ್ಕೊಮ್ಮೆ ನಿಲ್ಲಿಸಿ. ವಾರಕ್ಕೆ ತೂಕದ ನೂರರಲ್ಲಿ ಒಂದೆರಡು ಪಾಲು ಇಳಿದರೆ ಸಾಕು. ಊಟ ನಿಜಕ್ಕೂ ಕಡಿಮೆ ಮಾಡಿಯೂ ಇಳಿಯದಿದ್ದರೆ ಥೈರಾಯ್ಡ್ ನೋಡಿಸೋಣ.

ರೊಟ್ಟಿ ತೆಗೆದ ಜಾಗಕ್ಕೆ ಸೌತೆಕಾಯಿ, ಬೇಯಿಸಿದ ಬೀನ್ಸ್, ಗಜ್ಜರಿ ಹಾಕಿ. ಕೇಳದಿದ್ದರೂ ಹೇಳುತ್ತೇನೆ: ಪಲ್ಯ ಉಳಿದಿದೆ ಎಂದು ಮಾತ್ರ ಸುರಿಯಬೇಡಿ. ಉಳ್ಳಾಗಡ್ಡಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ, ಹಸಿಯಾದರೂ ಬೆಂದರೂ ಅಷ್ಟೇ. ಬಳ್ಳೊಳ್ಳಿಯದೂ ಅದೇ ಕಥೆ. ಹುಗ್ಗಿಯಲ್ಲಿನ ಒಣದ್ರಾಕ್ಷಿ ಇನ್ನೂ ಕೆಟ್ಟದ್ದು, ಅದು ಕಿಡ್ನಿಗೇ ಕೈ ಹಾಕುತ್ತದೆ. ತಿಂದಿದ್ದರೆ ನನಗೆ ಪತ್ರ ಬರೆಯುತ್ತ ಕೂರಬೇಡಿ, ಅವತ್ತೇ ದವಾಖಾನೆಗೆ ಒಯ್ಯಿರಿ.